ಬಾಯಿಗೆ ಬಾರದ ಒಂದು ಮತ

ಚುನಾವಣೆಯಲ್ಲಿ ಸೋತವರ ಬಳಿ ಕಾರಣಗಳಿಗೆ ಬರವಿಲ್ಲ. ನನ್ನ ಸೋಲಿಗೆ ಮಾತ್ರ ಕಾರಣ ಒಂದೇ. ಅದು ಈಗ ಹಿತ್ತಲಲ್ಲಿ ಹಪ್ಪಳ ಒಣಹಾಕಿ ಕಾಗೆ ಓಡಿಸುತ್ತಾ ಕೂತಿದೆ.

ಪ್ರಜಾಪ್ರತಿನಿಧಿ ಸಭೆಗೆ ನಿಲ್ಲುವ ಹುಚ್ಚು ನನಗೆ ಹೇಗೆ ಹತ್ತಿತೋ ತಿಳಿಯದು. ಅಜ್ಜಂಪುರದ ಜಗಲಿಯ ಮೇಲೆ ಕೂತೇ ಎಷ್ಟೋ ಸಲ ಮೈಸೂರಿಗೆ ಹೋಗಿ ಬಂದಿದ್ದೆ. ದಸರಾ ಸಭೆ, ತಲೆಗೆ ಸರಿಗೆ ಪೇಟ, ದಿವಾನರ ಮುಂದೆ ನಮ್ಮ ಕೆರೆಯ ತೂಬು ದುರಸ್ತಿಯ ಬಗ್ಗೆ ನನ್ನ ಭಾಷಣ. ತೂಬು ಸೋರುತ್ತಲೇ ಇತ್ತು, ಭಾಷಣ ಮಾತ್ರ ದಿನೇ ದಿನೇ ಚೆಂದವಾಗುತ್ತಿತ್ತು. ಎದುರಿಗೆ ನಿಂತವರು ತರೀಕೆರೆಯ ಮಂಡಿ ಸಾಹುಕಾರ ಬಸಪ್ಪನವರು.

ಆಗ ಹೆಂಗಸರಿಗೂ ಮತ ಬಂದ ಹೊಸತು. ಕಂದಾಯ ಕಟ್ಟುವವರಿಗೆ ಮತ. ತವರಿನವರು ಕೊಟ್ಟ ತೆಂಗಿನ ತೋಟ ನನ್ನಾಕೆಯ ಖಾತೆಯಲ್ಲಿದ್ದುದರಿಂದ ಅವಳೂ ಪಟ್ಟಿಗೆ ಸೇರಿದ್ದಳು. ನಾನು ಊರೂರು ತಿರುಗಿ ಬೇರೆಯವರನ್ನು ಬೇಡಿದೆ. ಮನೆಯ ಮತ ಎಲ್ಲಿಗೆ ಹೋದೀತು ಎಂದು ನಿಶ್ಚಿಂತನಾಗಿದ್ದೆ.

ತರೀಕೆರೆಯ ಕಚೇರಿಯಲ್ಲಿ ಓದು ಬಾರದವರು ಅಮಲ್ದಾರರಿಗೆ ಹೆಸರು ಹೇಳಬೇಕು, ಅವರು ಗುರುತು ಹಾಕಿಕೊಳ್ಳಬೇಕು. ನನ್ನಾಕೆ ಸೆರಗು ಹೊದ್ದು ಮುಂದೆ ನಿಂತಳು. ಯಾರಿಗಮ್ಮ ಎಂದು ಕೇಳಿದರೆ, ನಮ್ಮನೆಯವರಿಗೆ ಎಂದಳು. ಹೆಸರು ಬೇಕು ಎಂದರು. ಬಾಗಿಲಲ್ಲಿ ನಿಂತಿದ್ದ ನನ್ನತ್ತ ಗದ್ದ ಎತ್ತಿ ತೋರಿಸಿದಳು. ಸನ್ನೆ ನಡೆಯುವುದಿಲ್ಲ, ಬಾಯಿಬಿಟ್ಟೇ ಹೇಳಬೇಕು ಎಂದರು. ಪಾಪ, ಅವರಿಗೂ ನಗು ತಡೆಯುವುದು ಕಷ್ಟವಾಗಿತ್ತು.

ಗಂಡನ ಹೆಸರು ಹೇಳಬಾರದೆಂಬುದು ನಮ್ಮ ಕಡೆಯ ಹೆಂಗಸರ ನೇಮ. ಮದುವೆಯ ದಿನ ಒಗಟಿನಲ್ಲಿ ಹೆಣೆದು ಹೇಳಿದ್ದೇ ಮೊದಲು, ಅದೇ ಕೊನೆ. ಅಲ್ಲಿಂದೀಚೆಗೆ ನಾನು ಬರೀ 'ಇವರು'. ಸಿಟ್ಟು ಬಂದ ದಿನ ಅದೂ ಇಲ್ಲ. ನಾಮರೂಪಗಳೆಲ್ಲ ಸುಳ್ಳು ಎನ್ನುವ ವೇದಾಂತಿಗಳಿಗೆ ಇಂಥ ಶಿಷ್ಯೆ ಇನ್ನೊಬ್ಬಳು ಸಿಕ್ಕಲಾರಳು. ಇಷ್ಟೆಲ್ಲ ಗೊತ್ತಿದ್ದೂ ನನಗೆ ಮೊದಲೇ ಹೊಳೆಯಲಿಲ್ಲ, ನೋಡಿ.

"ಆಗಕಿಲ್ಲ ಸ್ವಾಮಿ" ಎಂದು ಕೈಮುಗಿದು ಹೊರಗೆ ಬಂದುಬಿಟ್ಟಳು.

ಎಣಿಸಿದಾಗ ಇಬ್ಬರಿಗೂ ಸಮ. ಚೀಟಿ ಎತ್ತಿದರು, ಬಸಪ್ಪನವರ ಹೆಸರು ಬಂತು.

ಊರಿನ ಗಾಡಿಗಾಗಿ ಬೀರೂರು ಜಂಕ್ಷನ್ನಿನಲ್ಲಿ ಕಾದು ಕೂತೆವು. ಇಳಿಬಿಸಿಲು ಹಳಿಗಳ ಮೇಲೆ ಮಲಗಿತ್ತು. ಎದುರಿಗೆ, ಮೈಸೂರಿಗೆ ಹೋಗುವವರೂ ಹತ್ತುವ ಬೆಂಗಳೂರಿನ ಗಾಡಿ ನಿಂತಿತ್ತು. ಅದರ ಕಿಟಕಿಯಲ್ಲಿ ಪೇಟ ಸುತ್ತಿಕೊಂಡು ನಾನೇ ಕೂತಿರುವಂತೆ ಕಂಡಿತು. ಗಾಡಿ ಮೆಲ್ಲಗೆ ಹೊರಟಿತು, ಅವನು ನನ್ನತ್ತ ತಿರುಗಿಯೂ ನೋಡಲಿಲ್ಲ. ನಿಜ ಹೇಳುತ್ತೇನೆ, ನನಗೆ ಅಳು ಬರುವಂತಾಯಿತು. ಆ ದುಃಖವನ್ನು ಪಕ್ಕದಲ್ಲಿದ್ದವಳ ಮೇಲೆ ತಿರುಗಿಸಿದೆ. ಒಂದೇ ಒಂದು ಸಲ ಹೇಳಿದ್ದರೆ ನಾಲಗೆ ಸವೆಯುತ್ತಿತ್ತೇ ಎಂದು ಕೇಳಿದೆ.

ಅವಳು ಬುತ್ತಿಯ ಗಂಟು ಬಿಚ್ಚುತ್ತಾ, ತಲೆ ಎತ್ತದೆ ಹೇಳಿದಳು:

"ಹೆಸರು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿ ಆಯ್ತದೆ ಅಂತಾರೆ. ನಿಮ್ಮ ಸಭೆ ಮೂರು ವರ್ಸದ್ದು. ನಂಗೆ ನೀವು ಅಷ್ಟೇ ದಿನ ಇದ್ರೆ ಸಾಕಾ?"