ಆರ್ವೊ ದಾರಿ ಕೇಳಿದ ದಿನ

ಒಂಟಾರಿಯೊದ ಉತ್ತರಕ್ಕಿರುವ ನಮ್ಮ ಸರೋವರದಲ್ಲಿ ಸಾವಿರಾರು ದ್ವೀಪಗಳಿವೆ. ಎಲ್ಲದರ ಮೇಲೂ ಅದೇ ಪೈನ್ ಮರ, ಅದೇ ಬೂದು ಬಂಡೆ. ಆರ್ವೊ ಲೆಹ್ಟಿನೆನ್ ಮೀನು ಹಿಡಿಯಲು ಬಂದವರನ್ನು ನಲವತ್ತೊಂದು ವರ್ಷ ನಕ್ಷೆಯಿಲ್ಲದೆ ಅಲ್ಲೆಲ್ಲ ಸುತ್ತಾಡಿಸಿದ ಗೈಡ್. ನೀರಡಿಯ ಬಂಡೆ ಬರುವ ಮೊದಲೇ ಮಾತು ನಿಲ್ಲಿಸದೆ ದೋಣಿಯ ಮೋಟಾರು ಮೇಲೆತ್ತುತ್ತಿದ್ದ.

ಕಾಗದದ ಗಿರಣಿಯಲ್ಲಿದ್ದ ನಾನೂ ಕ್ಲಿಫರ್ಡನೂ ಪ್ರತಿ ಜೂನ್‌ನಲ್ಲಿ ಅವನ ದೋಣಿ ಹತ್ತುತ್ತಿದ್ದೆವು. ಮಧ್ಯಾಹ್ನ ಯಾವುದಾದರೂ ದ್ವೀಪದಲ್ಲಿ ಒಲೆ ಹೂಡಿ, ಹಿಡಿದ ಮೀನು ಕರಿದು ಮೂರು ತಟ್ಟೆಗೆ ಬಡಿಸುತ್ತಿದ್ದ. ಹತ್ತೊಂಬತ್ತು ವರ್ಷಗಳಲ್ಲಿ ಅವನು ನಮಗೆ ಗೆಳೆಯನೇ ಆಗಿಬಿಟ್ಟಿದ್ದ.

ಇಪ್ಪತ್ತನೆಯ ವರ್ಷ ಹೋದಾಗ ಬೆಳಗಿನಿಂದ ಗಾಳಿಯೇ ಇರಲಿಲ್ಲ. ಒಂದು ಸೊಳ್ಳೆಯೂ ಕಾಣಲಿಲ್ಲ. ಗಾಳಕ್ಕೆ ಒಂದು ಮೀನೂ ಬಾಯಿ ಹಾಕಲಿಲ್ಲ. ಮಾತಿನಮಲ್ಲ ಆರ್ವೊ ಸುಮ್ಮನೆ ಕೂತಿದ್ದ. ಮಧ್ಯಾಹ್ನ ಪಡುವಣದಲ್ಲಿ ಹಸಿರುಗಪ್ಪು ಮೋಡ ಎದ್ದಿತು.

"ಹೊರಡೋಣ," ಅಂದ.

ಸಿಡಿಲು ಬಡಿದು ಸೀಳಿದ್ದ ಪೈನ್ ಮರವೊಂದನ್ನು ದಾಟಿದೆವು. ಸ್ವಲ್ಪ ಹೊತ್ತಿಗೆ ಅದೇ ಮರ ಮತ್ತೆ ಎದುರಾಯಿತು.

"ಏನ್ ಗುರುವೇ, ನಮ್ಮನ್ನ ಮೆರವಣಿಗೆ ಮಾಡಿಸ್ತಿದ್ದೀಯಾ?" ಕ್ಲಿಫರ್ಡ್ ನಕ್ಕ.

ಆರ್ವೊ ನಗಲಿಲ್ಲ. ಮೂರನೆಯ ಸಲ ಆ ಮರ ಕಂಡಾಗ ಕ್ಲಿಫರ್ಡನ ನಗುವೂ ನಿಂತಿತ್ತು. ಆರ್ವೊ ಮೋಟಾರು ಆರಿಸಿದ.

"ರಸೆಲ್," ಅಂದ ನನ್ನ ಕಡೆ ತಿರುಗಿ, ಮೆಲ್ಲಗೆ. "ನಮ್ಮನೆ ಯಾವ ಕಡೆ?"

ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾವಿಬ್ಬರೂ ಗಾಳದ ದಾರ ನೋಡಿದ್ದೇ ಬಂತು, ದಾರಿ ನೋಡಿದವನು ಅವನೊಬ್ಬನೇ.

"ಮೊದ್ಲು ದಡ ಸೇರೋಣ ಮಾರಾಯಾ. ಆಮೇಲೆ ನೋಡೋಣ," ಅಂದೆ.

ಹತ್ತಿರದ ದ್ವೀಪಕ್ಕೆ ಹುಟ್ಟು ಹಾಕಿ, ದೋಣಿ ಮಗುಚಿ ಅದರಡಿ ತೂರಿಕೊಂಡೆವು. ಬಿರುಗಾಳಿ ಮರಗಳನ್ನು ಲಟಲಟನೆ ಮುರಿಯಿತು. ಆರ್ವೊ ನನ್ನ ತೋಳು ಹಿಡಿದವನು ಬಿಡಲೇ ಇಲ್ಲ. ಮಳೆ ನಿಂತ ಮೇಲೆ ಆ ದಾರಿಯಾಗಿ ಬಂದ ಬೇರೆ ಗೈಡ್ ಒಬ್ಬ ನಮ್ಮನ್ನು ಆರ್ವೊನ ಮನೆ ಮುಟ್ಟಿಸಿದ.

ಆರ್ವೊನ ಹೆಂಡತಿ ಎಲ್ಮಾ ದೋಣಿಕಟ್ಟೆಯಲ್ಲಿ ನಿಂತಿದ್ದಳು. ನಮ್ಮ ಮುಖ ನೋಡಿದ್ದೇ ಅವಳಿಗೆ ಅರ್ಥವಾಯಿತು.

"ಚಳಿಗಾಲದಿಂದ ಹೀಗೇ ಇದೆ ರಸೆಲ್. ಹೇಳಿದ್ರೆ ಅವನ ಜೊತೆ ಯಾರು ಹೋಗ್ತಿದ್ರು?"

"ನಮಗಾದ್ರೂ ಹೇಳ್ಬಹುದಿತ್ತಲ್ಲ ಎಲ್ಮಾ?"

"ನಿಮ್ಮ ಜೊತೆ ಇದ್ರೆ ಸರಿಹೋಗ್ತಾನೆ ಅಂದ್ಕೊಂಡೆ."

ಅವಳು ಮೋಟಾರನ್ನು ಶೆಡ್ಡಿನಲ್ಲಿಟ್ಟು ಬೀಗ ಹಾಕಿದಳು. ಸೆಪ್ಟೆಂಬರಿನ ಒಂದು ಬೆಳಗ್ಗೆ ಅವನು ಒಬ್ಬನೇ ಹುಟ್ಟು ಹಾಕಿಕೊಂಡು ಹೊರಟುಹೋದ. ಎರಡು ದಿನ ಹುಡುಕಿದೆವು. ದೂರದ ದ್ವೀಪವೊಂದರಲ್ಲಿ ಹೊಗೆ ಕಂಡಿತು. ಆರ್ವೊ ಒಲೆಯ ಮುಂದೆ ಕೂತಿದ್ದ, ತುಟಿ ನೀಲಿಗಟ್ಟಿತ್ತು. ಎದುರಿಗೆ ಮೂರು ತಟ್ಟೆ, ಒಂದೊಂದರಲ್ಲೂ ಕರಿದ ಮೀನು. ಮುಟ್ಟಿರಲಿಲ್ಲ.

"ಊಟ ಮಾಡಿಲ್ವೇನೋ?" ಕ್ಲಿಫರ್ಡ್ ಕೇಳಿದ.

"ಅತಿಥಿಗಳು ಬರ್ಬೇಕು," ಅಂದ ನಮ್ಮನ್ನೇ ನೋಡುತ್ತಾ. "ನೀವ್ಯಾರು?"

ಈಗ ಪಟ್ಟಣದ ವೃದ್ಧಾಶ್ರಮದಲ್ಲಿದ್ದಾನೆ. ನೀರು ಕಂಡರೆ ಮತ್ತೆ ಹೊರಟುಬಿಡುತ್ತಾನೆಂದು ಹೆದರಿ, ರಸ್ತೆ ಕಡೆಯ ಕೋಣೆಯೇ ಬೇಕೆಂದು ಎಲ್ಮಾ ಹಟ ಹಿಡಿದು ಕೇಳಿದಳಂತೆ. ನಾವಿಬ್ಬರೂ ಭಾನುವಾರ ಹೋಗಿ ಬರುತ್ತೇವೆ. ಒಮ್ಮೊಮ್ಮೆ ಗುರುತು ಹಿಡಿಯುತ್ತಾನೆ.