ಗೊಬ್ಬರಗುಂಡಿಯ ಹಲಸು

ಆಹಾರ ಸರಪಳಿ ಬರೆಯಿರಿ ಎಂದರೆ ಮಕ್ಕಳು ಪ್ರತಿವರ್ಷವೂ ಬಾಣವನ್ನು ಉಲ್ಟಾ ಹಾಕುತ್ತಾರೆ. ಕಪ್ಪೆಯಿಂದ ಮಿಡತೆಗೆ, ಹಾವಿನಿಂದ ಕಪ್ಪೆಗೆ. ಬಾಣ ತಿನ್ನುವ ಬಾಯಿಯ ಕಡೆಗಿರಬೇಕು, ಎಲೆ ಹಿಡಿದಿಟ್ಟ ಬಿಸಿಲಿನ ಶಕ್ತಿ ಹೋಗುವುದು ಅತ್ತ ಎಂದು ಬಣಕಲ್ಲಿನ ಶಾಲೆಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಮನೆಯಲ್ಲಂತೂ ನನ್ನ ಪಾಠ ಕೇಳುವವರೇ ಇಲ್ಲ.

ಹೋದ ಮಳೆಗಾಲದ ಆರಂಭದಲ್ಲಿ, ಆನೆ ಬಾರದಿರಲಿ ಎಂದು ನಮ್ಮವರು ತೋಟದ ಹಲಸಿನ ಕಾಯಿಗಳನ್ನು ಹಣ್ಣಾಗುವ ಮೊದಲೇ ಇಳಿಸಿದರು. ಈಗ ಇಲ್ಲಿ ಬಹಳ ಮಂದಿ ಮಾಡುವುದು ಅದನ್ನೇ. ಅಷ್ಟಕ್ಕೇ ನಿಲ್ಲಿಸಿದರೆ ಅವರು ನಮ್ಮವರೇ ಅಲ್ಲ. ಹಾಳಾಗುವುದೇಕೆಂದು ಎಲ್ಲವನ್ನೂ ಕೊಟ್ಟಿಗೆಯ ಹಿಂದಿನ ಗೊಬ್ಬರಗುಂಡಿಗೆ ಹಾಕಿಸಿದರು.

"ಬಲಿತ ಕಾಯಿ, ಅಲ್ಲೂ ಹಣ್ಣಾಗ್ತವಲ್ರೀ," ಎಂದೆ.

"ಕೊಳೀತವೆ ಮಾರಾಯ್ತಿ. ಕಾಫಿಗೆ ಗೊಬ್ಬರ ಆಗುತ್ತೆ."

ವಾರದೊಳಗೆ ಅಡುಗೆಮನೆಯವರೆಗೂ ಹಣ್ಣಿನ ವಾಸನೆ ಬಂತು. ನಮಗೇ ಬಂದ ಮೇಲೆ ಆನೆಗೆ ಬಾರದೆ? ಆ ಗುಂಡಿಗೆ ದಿನವೂ ಸಗಣಿ ಹಾಕುವವರು ನಮ್ಮತ್ತೆ. ಅವರಿಗೆ ಕಿವಿ ಪೂರಾ ಮಂದ. ಬೆನ್ನ ಹಿಂದೆ ಜೀಪು ಹಾರನ್ ಹೊಡೆದರೂ ತಿಳಿಯುವುದಿಲ್ಲ.

ಒಂದು ದಿನ ಪಾಠದ ನಡುವೆ ಊರಿನವರ ಮೊಬೈಲ್ ಗುಂಪಿನಲ್ಲಿ ಸಂದೇಶ ಬಂತು: ಒಂಟಿ ಸಲಗ ನಮ್ಮ ತೋಟಕ್ಕೆ ಇಳಿದಿದೆ, ಯಾರೂ ಹೊರಗೆ ಬರಬೇಡಿ. ಬೋರ್ಡಿನ ಮೇಲೆ ಬಾಣ ಅರ್ಧಕ್ಕೇ ನಿಂತಿತು. ಆನೆ ಎಲ್ಲಿಗೆ ಹೋಗುತ್ತದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಮನೆಗೆ ಫೋನ್ ಮಾಡಿದೆ, ಅತ್ತೆಗೆ ಕೇಳಿಸಬೇಕಲ್ಲ. ನಮ್ಮವರು ಮೂಡಿಗೆರೆಯಲ್ಲಿದ್ದರು. ಸಿಕ್ಕಿದ ಜೀಪು ಹತ್ತಿದೆ. ದಾರಿಯುದ್ದಕ್ಕೂ ಬಾಯಲ್ಲಿ ಗಂಡನಿಗೆ ಬೈಗುಳ.

ಆನೆ ಹಳ್ಳ ದಾಟಿತು ಎಂದು ಗೇಟಿನಲ್ಲಿದ್ದ ಅರಣ್ಯ ಸಿಬ್ಬಂದಿ ಒಳಗೆ ಬಿಟ್ಟರು. ಅತ್ತೆ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು.

"ಇಷ್ಟು ಬೇಗ ಬಂದ್ಯಲ್ಲ, ಸ್ಕೂಲಿಲ್ವಾ?"

ಹಿತ್ತಿಲಿಗೆ ಓಡಿದೆ. ಗುಂಡಿಯಲ್ಲಿ ಒಂದು ಹಣ್ಣೂ ಉಳಿದಿರಲಿಲ್ಲ. ಅದರ ಅಂಚಿನಲ್ಲಿ ಸಗಣಿ ಬುಟ್ಟಿ ಚಪ್ಪಟೆಯಾಗಿ ಕೆಸರಿಗೆ ಅಂಟಿಕೊಂಡಿತ್ತು. ಹಿಂದೆಯೇ ಬಂದ ಅತ್ತೆ ಬಗ್ಗಿ ನೋಡಿದರು.

"ಈಗಷ್ಟೇ ಇಲ್ಲಿಟ್ಟು ಒಳಗೆ ಹೋದೆ. ಯಾರೇ ಇದನ್ನ ತುಳಿದವ್ರು?"

ಅವರ ಕೈ ಹಿಡಿದು ಒಳಗೆ ಕರೆತಂದು ಬಾಗಿಲು ಹಾಕಿದೆ. ಆಮೇಲೆ ಅತ್ತುಬಿಟ್ಟೆ.

ಸಂಜೆ ನಮ್ಮವರು ಬಂದು ಬುಟ್ಟಿಯನ್ನು ಕೆಸರಿನಿಂದ ಎಬ್ಬಿಸಿದರು. "ಮೇಲಿನ ತೋಟದ ಕಾಯಿ ಇನ್ನೂ ಮರದಲ್ಲೇ ಇದೆ," ಎಂದರು. "ಅದನ್ನ ಎಲ್ಲಿ ಹಾಕೋದು?"

ಮರದಲ್ಲಿ ಬಿಟ್ಟರೂ ಆನೆ ಬರುತ್ತದೆ, ಇಳಿಸಿ ಹಾಕಿದರೂ ಬರುತ್ತದೆ. ಅತ್ತೆ ಆಗಲೇ ಅಟ್ಟದಲ್ಲಿ ಬೇರೆ ಬುಟ್ಟಿ ಹುಡುಕುತ್ತಿದ್ದರು.