ಇಪ್ಪತ್ನಾಲ್ಕು ಮುಚ್ಚಳ ನೀರು

ಗೆಳೆಯರೇ, ಇವತ್ತು ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಮಗಳ ಹುಟ್ಟುಹಬ್ಬ. ಚಹಾದ ಕಪ್ಪಿನಲ್ಲಿ ಹಿಟ್ಟು ಅಳೆದು ಮಾಡಿದ ಕೇಕು ಕಲ್ಲಾಗಿತ್ತು. "ಅಕ್ಕಾರ, ಇನ್ನೊಂದೂ ಕೆಟ್ರ ಹೆಂಗ್ರಿ? ಬೆಟಗೇರಿಯಿಂದ ಮಂದಿ ಬರೂ ಹೊತ್ತಾತು," ಎಂದು ನೆಗೆಣ್ಣಿ ಅಳುಮುಖ ಮಾಡಿದಳು. ರೆಸಿಪಿ ಅಮೆರಿಕದ್ದು; ಅಲ್ಲಿನ ಒಂದು ಕಪ್ ಎಂದರೆ ಇನ್ನೂರನಲವತ್ತು ಮಿಲಿಲೀಟರ್ ಎಂದಿತು ಫೋನು. ಅಳೆಯಲು ಸಿಕ್ಕಿದ್ದು ನನ್ನ ಕೆಮ್ಮಿನ ಔಷಧದ ಹತ್ತು ಮಿಲಿ ಮುಚ್ಚಳ ಮಾತ್ರ. ಇಪ್ಪತ್ನಾಲ್ಕು ಮುಚ್ಚಳ ನೀರು ಎಣಿಸಿ ಚೊಂಬಿಗೆ ಹಾಕಿದೆ; ನಡುವೆ ಲೆಕ್ಕ ತಪ್ಪಿ, ಮತ್ತೆ ಮೊದಲಿಂದ. ನೋಡುತ್ತಿದ್ದ ಅತ್ತೆ ಆ ನೀರನ್ನು ಜೋಳ ಅಳೆಯುವ ತಮ್ಮ ಪಾವಸೇರಿಗೆ ಸುರಿದರು. ಸರಿಯಾಗಿ ಅಂಚಿನವರೆಗೆ ತುಂಬಿತು.

"ಅಮೇರಿಕಾದಾಗೂ ಪಾವಸೇರ ಐತೇನ ಬೇ? ಮೊದ್ಲ ನನ್ನ ಕೇಳಬಾರ್ದಾ?"

ಪಾವಸೇರಿನಲ್ಲಿ ಹಿಟ್ಟು ಅಳೆದು ಮಾಡಿದ ಕೇಕು ಉಬ್ಬಿತು. ನನ್ನ ಕೆಮ್ಮು ಹಾಗೇ ಇದೆ, ಮುಚ್ಚಳ ಎಲ್ಲಿಟ್ಟೆನೋ ನೆನಪಿಲ್ಲ.